ಹಸಿದವಳು ಹಸಿದವರ ತಾಯಿಯಾದದ್ದು: ಪಂಡಿತಾ ರಮಾಬಾಯಿಯ ಜೀವಿತ

ಸುಗ್ಗಿ ತೀರಿ ಕಣದ ಕಾಳು ಮನೆ ಸೇರಿದ ಬಳಿಕ ನಮ್ಮ ಹಳ್ಳಿಯ ಸಭೆಗಳವರು ಕೂಡಿಕೊಂಡು ಅನಾಥ ಮಕ್ಕಳ ಮನೆಗೆ ಕಾಣಿಕೆ ತೆಗೆದುಕೊಂಡು ಹೋಗುವ ಪದ್ಧತಿಯು ಅನೇಕ ಕಡೆಗಳಲ್ಲಿ ಉಂಟಷ್ಟೆ. ಕೆಲವು ಕಾಲದ ಹಿಂದೆ ನಾವೂ ನಮ್ಮ ಸಭೆಯ ಹತ್ತು ಹನ್ನೆರಡು ಜನರೊಡನೆ ಅಂಥಾ ಒಂದು ಮನೆಗೆ ಹೋಗಿದ್ದೆವು. ಅದು ಬಡವರು ವಾಸಿಸುವ ಕೇರಿಯ ಅಂಚಿನಲ್ಲಿದ್ದ ಚಿಕ್ಕ ಮನೆ. ಒಂದು ಚೀಲ ಜೋಳವನ್ನೂ ಅರ್ಧ ಚೀಲ ತೊಗರಿಯನ್ನೂ ಕೆಲವು ಹಳೆಯ ಬಟ್ಟೆಗಳನ್ನೂ ಒಪ್ಪಿಸಿದೆವು. ಮಕ್ಕಳು ಅಂಗಳದ ಬಿಸಿಲಿನಲ್ಲಿ ಸಾಲಾಗಿ ನಿಂತು ಎರಡು ಗೀತೆಗಳನ್ನು ಹಾಡಿದರು. ನಾವು ಬೆಲ್ಲ ಹಂಚಿ, ಪ್ರಾರ್ಥನೆ ಮಾಡಿ, ಬಸ್ಸಿಗೆ ಹೊತ್ತಾಯಿತೆಂದು ಅವಸರಪಟ್ಟೆವು. ಆಗ ಏಳೆಂಟು ವರುಷದ ಒಬ್ಬ ಹುಡುಗಿಯು ನಮ್ಮ ಬಳಿಗೆ ಬಂದು, ತನ್ನ ಹೆಸರು ಏನೆಂದು ನಮ್ಮಲ್ಲಿ ಒಬ್ಬರೂ ಕೇಳಲಿಲ್ಲವೆಂದು ಮೆಲ್ಲನೆ ಹೇಳಿದಳು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಎಲ್ಲರೂ ಸುಮ್ಮನಿದ್ದೆವು. ನಾವು ಕೊಟ್ಟು ಬಂದೆವು ನಿಜ. ಆದರೆ ಯಾರಿಗೆ ಕೊಟ್ಟೆವೆಂಬದನ್ನು ಅರಿಯದೆ ಬಂದೆವು.

ಆ ದಿನದಿಂದ ಒಬ್ಬ ಸ್ತ್ರೀಯ ಚರಿತ್ರೆಯು ನಮ್ಮ ಮನಸ್ಸಿನಲ್ಲಿ ಸುಳಿದಾಡುತ್ತಿದೆ. ಅನಾಥರ ಮನೆಯನ್ನು ನೋಡಲು ಹೋಗುವವನು ಹೇಗೆ ಹೋಗಬೇಕು, ಹೋದವನಿಗೆ ಏನಾಗಬೇಕು ಎಂಬದನ್ನು ಆಕೆಯ ಜೀವಿತವು ಕಲಿಸುವಷ್ಟು ಸ್ಪಷ್ಟವಾಗಿ ಬೇರೊಂದು ಜೀವಿತವು ಕಲಿಸುವದನ್ನು ನಾವು ಕಾಣೆವು. ಆಕೆಯೇ ಪಂಡಿತಾ ರಮಾಬಾಯಿ. ಆಕೆಯ ಕೀರ್ತಿಯು ಮಹಾರಾಷ್ಟ್ರದಲ್ಲಿ ಹಬ್ಬಿದ್ದರೂ ಆಕೆಯು ಹುಟ್ಟಿದ್ದು ನಮ್ಮ ಕನ್ನಡ ಸೀಮೆಯಲ್ಲೇ.

ಕಾರ್ಕಳದ ಸಮೀಪದ ಮಾಳ ಎಂಬ ಊರಿನ ಅನಂತ ಶಾಸ್ತ್ರಿ ಡೋಂಗ್ರೆ ಎಂಬವರು ದೊಡ್ಡ ಸಂಸ್ಕೃತ ವಿದ್ವಾಂಸರು. ಪುಣೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಅವರ ಗುರುವು ಪೇಶ್ವೆಯ ಪತ್ನಿಗೆ ಸಂಸ್ಕೃತ ಕಲಿಸುತ್ತಿದ್ದದ್ದನ್ನು ಕಂಡು, ಸ್ತ್ರೀಯರೂ ವಿದ್ಯೆಗೆ ಯೋಗ್ಯರೆಂಬ ನಂಬಿಕೆಯು ಅವರಲ್ಲಿ ಬೇರೂರಿತು. ಆದಕಾರಣ ತಮ್ಮ ಹೆಂಡತಿಯಾದ ಲಕ್ಷ್ಮೀಬಾಯಿಗೆ ತಾವೇ ಸಂಸ್ಕೃತ ಹೇಳಿಕೊಟ್ಟರು. ಆಗಿನ ಕಾಲದಲ್ಲಿ ಇದು ದೊಡ್ಡ ಅಪರಾಧವಾಗಿ ಕಾಣಿಸಿತು. ಉಡುಪಿಯಲ್ಲಿ ಪಂಡಿತರ ಸಭೆ ಕೂಡಿ ಅವರನ್ನು ವಿಚಾರಿಸಿದಾಗ ಅವರು ಶಾಸ್ತ್ರಗಳಿಂದಲೇ ತಮ್ಮ ಪಕ್ಷವನ್ನು ಸಾಧಿಸಿ ತೋರಿಸಿದರು. ಆದರೂ ಮನಶ್ಶಾಂತಿಯಿಂದ ಇರಬೇಕೆಂದು ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಕಾಡಿನಲ್ಲಿ ಮನೆ ಕಟ್ಟಿಕೊಂಡರು. ಅಲ್ಲಿ 1858ನೆಯ ಇಸವಿ ಏಪ್ರಿಲ್ ತಿಂಗಳಲ್ಲಿ ರಮಾಬಾಯಿಯು ಹುಟ್ಟಿದಳು.

ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ಆ ಮನೆಯನ್ನು ಬಿಡಬೇಕಾಯಿತು. ಅತಿಥಿಗಳಿಗೂ ಶಿಷ್ಯರಿಗೂ ಕೈಬಿಚ್ಚಿ ಖರ್ಚು ಮಾಡಿದ್ದರಿಂದ ಆಸ್ತಿಯು ಕರಗಿಹೋಗಿತ್ತು. ಕೂಸನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿ, ಆ ತಂದೆತಾಯಿಗಳು ಬೆಟ್ಟ ಇಳಿದು ಯಾತ್ರಿಕರಾಗಿ ಹೊರಟರು. ಪುಣ್ಯಕ್ಷೇತ್ರಗಳಲ್ಲಿ ಪುರಾಣ ಓದುವದು, ಭಕ್ತರು ಕೊಟ್ಟದ್ದನ್ನು ಉಣ್ಣುವದು, ಮುಂದಿನ ಊರಿಗೆ ನಡೆಯುವದು. ಇದೇ ಅವರ ಬಾಳು. ತಾಯಿಯು ಬೆಳಗಿನ ಜಾವದಲ್ಲಿ ಮಗಳನ್ನು ಎಬ್ಬಿಸಿ ತೊಡೆಯ ಮೇಲೆ ಕೂರಿಸಿಕೊಂಡು ಶ್ಲೋಕಗಳನ್ನು ಕಲಿಸುತ್ತಿದ್ದಳು. ಹುಡುಗಿಯು ಹದಿನೈದು ಹದಿನಾರು ವರುಷದವಳಾಗುವಷ್ಟರಲ್ಲಿ ಭಾಗವತವನ್ನು ಬಾಯಿಪಾಠ ಮಾಡಿದ್ದಳು. ಮರಾಠಿಯ ಜೊತೆಗೆ ಕನ್ನಡವೂ ಹಿಂದುಸ್ತಾನಿಯೂ ಆಕೆಗೆ ಬರುತ್ತಿದ್ದವು.

ಆ ಮೇಲೆ ಬರಗಾಲ ಬಂತು. 1874ರ ಸುಮಾರಿಗೆ ದಕ್ಷಿಣ ದೇಶದಲ್ಲಿ ಮಳೆಯು ತಪ್ಪಿ, ಕೊಡುವ ಕೈಗಳೇ ಬರಿದಾದವು. ಇದ್ದ ತಾಮ್ರದ ಪಾತ್ರೆಗಳೂ ನಗಗಳೂ ಮಾರಿಹೋದವು. ಕೂಲಿ ಮಾಡುವದನ್ನು ಆ ಕುಟುಂಬದವರು ಕಲಿತಿರಲಿಲ್ಲ, ಬೇಡುವದಕ್ಕೆ ನಾಚಿದರು. ಕಡೆಗೆ ಕಾಡನ್ನು ಹೊಕ್ಕು ಹನ್ನೊಂದು ದಿನ ನೀರು, ಎಲೆ, ಕಾಡು ಈಚಲ ಹಣ್ಣು ಇಷ್ಟರಿಂದಲೇ ಜೀವ ಹಿಡಿದುಕೊಂಡರು. ವೃದ್ಧನೂ ಕುರುಡನೂ ಆಗಿದ್ದ ತಂದೆಯು ನೀರಿನಲ್ಲಿ ಮುಳುಗಿ ಪ್ರಾಣ ಬಿಡುವೆನೆಂದು ನಿಶ್ಚಯಿಸಿ ಮಕ್ಕಳನ್ನು ಅಪ್ಪಿಕೊಂಡು ಬೀಳ್ಕೊಂಡನು. ಆಗ ಮಗನಾದ ಶ್ರೀನಿವಾಸನು ತಾನು ಕೂಲಿಯಾದರೂ ಮಾಡಿ ಎಲ್ಲರನ್ನೂ ಸಾಕುವೆನೆಂದು ಹೇಳಿ ಅವನನ್ನು ತಡೆದನು. ಆದರೆ ಹಸಿವೆಯು ಅವನನ್ನು ಆಗಲೇ ತಿಂದುಬಿಟ್ಟಿತ್ತು. ಕೆಲವು ದಿನಗಳಲ್ಲಿ ಅವನು ತೀರಿಹೋದನು.

ಉಳಿದವರು ರಾಯಚೂರಿಗೆ ಬಂದು ಕೆಲವು ವಾರ ನಿರಾಧಾರರಾಗಿ ಬಿದ್ದಿದ್ದರು. ತಾಯಿಗೆ ಜ್ವರ, ಆಕೆಯು ಅನ್ನಕ್ಕಾಗಿ ಹಂಬಲಿಸಿದಳು. ರಮಾಬಾಯಿಯು ನೆರೆಮನೆಗೆ ಹೋಗಿ ಒಂದು ತುಂಡು ರೊಟ್ಟಿಯನ್ನು ಬೇಡಲು ನಿಂತಳು. ಅನೇಕ ಶಾಸ್ತ್ರಗಳನ್ನು ಕಲಿತಿದ್ದ ಆ ನಾಲಿಗೆಗೆ ಬೇಡುವ ಒಂದು ಮಾತು ಹೊರಡಲಿಲ್ಲ. ಕಣ್ಣೀರು ಮಾತ್ರ ಹರಿಯಿತು. ಆ ಮನೆಯ ಬ್ರಾಹ್ಮಣ ಸ್ತ್ರೀಯು ಅರಿತುಕೊಂಡು ರೊಟ್ಟಿ ಕೊಟ್ಟಳು. ಅದನ್ನು ತಂದು ಕೊಟ್ಟರೂ ತಾಯಿಗೆ ಉಣ್ಣುವ ಶಕ್ತಿಯಿರಲಿಲ್ಲ. ತಂದೆಯು ಸತ್ತು ಒಂದೂವರೆ ತಿಂಗಳಿಗೆ ಆಕೆಯೂ ಕಣ್ಣು ಮುಚ್ಚಿದಳು. ಹೆಣ ಹೊರುವದಕ್ಕೆ ನಾಲ್ವರು ಸಿಕ್ಕಲಿಲ್ಲ. ಇಬ್ಬರು ಕನಿಕರಪಟ್ಟು ಬಂದರು, ಮೂರನೆಯವನು ಅಣ್ಣ, ನಾಲ್ಕನೆಯ ಹೆಗಲು ರಮಾಬಾಯಿಯದೇ. ಆಕೆಯು ಗಿಡ್ಡಳಾದ್ದರಿಂದ ಚಟ್ಟವನ್ನು ತಲೆಯ ಮೇಲೆ ಹೊರಬೇಕಾಯಿತು. ಕೆಲವು ತಿಂಗಳ ಮೇಲೆ ಅಕ್ಕನೂ ವಾಂತಿಭೇದಿಯಿಂದ ಸತ್ತಳು. ಹೀಗೆ ಹದಿನಾರನೆಯ ವಯಸ್ಸಿನಲ್ಲಿ ರಮಾಬಾಯಿಯು ಅನಾಥಳಾದಳು.

ವಾಚಕರೇ, ಆ ರೊಟ್ಟಿಯ ತುಂಡನ್ನು ಜ್ಞಾಪಕದಲ್ಲಿಡಿರಿ. ಮುಂದೆ ಆಕೆಯು ಮಾಡಿದ್ದೆಲ್ಲಕ್ಕೂ ಅದು ಬೀಜ.

ಅಣ್ಣತಂಗಿಯರು ಉತ್ತರಕ್ಕೆ ಮುಖ ಮಾಡಿ ಬರಿಗಾಲಿನಲ್ಲಿ ಸಾವಿರಾರು ಮೈಲು ನಡೆದರು. ನೀರಿನಲ್ಲಿ ನೆನೆಸಿದ ಹಿಡಿ ಕಾಳಿಗೆ ಉಪ್ಪು ಬೆರೆಸಿ ತಿಂದ ದಿನಗಳು ಎಷ್ಟೋ. ಝೇಲಂ ನದಿಯ ತೀರದಲ್ಲಿ ಚಳಿ ತಡೆಯಲಾರದೆ ಮರಳಿನಲ್ಲಿ ಗುಳಿ ತೋಡಿ, ತಲೆಯೊಂದನ್ನು ಬಿಟ್ಟು ಉಳಿದ ಮೈಯನ್ನು ಮರಳಿನಿಂದ ಮುಚ್ಚಿಕೊಂಡು ರಾತ್ರಿ ಕಳೆದರು. 1878ರಲ್ಲಿ ಕಲ್ಕತ್ತೆಗೆ ಬಂದಾಗ ಅಲ್ಲಿಯ ವಿದ್ವಾಂಸರು ಈ ಯುವತಿಯ ಸಂಸ್ಕೃತವನ್ನು ಕೇಳಿ ಬೆರಗಾಗಿ, ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದು ಕೊಟ್ಟರು. 1880ರಲ್ಲಿ ಅಣ್ಣನು ಢಾಕೆಯಲ್ಲಿ ಸತ್ತನು. ಅದೇ ವರುಷ ಬಿಪಿನ್ ಬಿಹಾರಿ ದಾಸ್ ಮೇಧವಿ ಎಂಬ ವಕೀಲನನ್ನು ಆಕೆಯು ಜಾತಿಭೇದವೆಣಿಸದೆ ಮದುವೆಯಾದಳು. ಮನೋರಮೆ ಎಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡನು ವಾಂತಿಭೇದಿಯಿಂದ ತೀರಿಕೊಂಡನು. ಅಸ್ಸಾಮಿನ ಸಿಲ್ಚಾರಿನಲ್ಲಿದ್ದ ಆ ಮನೆಯ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಚಿಕ್ಕ ಪುಸ್ತಕವೊಂದು ಆಕೆಗೆ ಸಿಕ್ಕಿತ್ತು. ಅದನ್ನು ಓದಿದಳು, ಆದರೆ ನಂಬಲಿಲ್ಲ.

ವಿಧವೆಯಾದ ರಮಾಬಾಯಿಯು ಕೂಸನ್ನೆತ್ತಿಕೊಂಡು ಪುಣೆಗೆ ಬಂದು ಸ್ತ್ರೀಯರ ವಿದ್ಯೆಗಾಗಿ ದುಡಿದಳು. ವೈದ್ಯವಿದ್ಯೆಯನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದಳು. ಕಿವಿ ಮಂದವಾಗಿದ್ದರಿಂದ ಆ ಆಸೆಯು ಕೈಗೂಡಲಿಲ್ಲ. ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಆಕೆಗೆ ಆಶ್ರಯ ದೊರೆಯಿತು. ಅಲ್ಲಿರುವಾಗಲೇ, ನಾವು ಹೇಳಬೇಕೆಂದಿರುವ ಭೇಟಿಯು ನಡೆಯಿತು.

ಲಂಡನ್ ಪಟ್ಟಣದ ಫುಲ್ಹಾಮಿನಲ್ಲಿ ಆ ಸಹೋದರಿಯರು ಒಂದು ಮನೆಯನ್ನು ನಡಿಸುತ್ತಿದ್ದರು. ದಾರಿತಪ್ಪಿದವರು, ಲೋಕದಿಂದ ತಳ್ಳಲ್ಪಟ್ಟವರು, ಯಾವ ಮನೆಯೂ ಬಾಗಿಲು ತೆರೆಯದಂಥ ಹೆಂಗಸರು ಅಲ್ಲಿ ಇದ್ದರು. ರಮಾಬಾಯಿಯನ್ನು ಅದನ್ನು ನೋಡಲು ಕರೆದುಕೊಂಡು ಹೋದರು. ಆಕೆಯು ಅದುವರೆಗೆ ಕಾಶಿಯಿಂದ ಕನ್ಯಾಕುಮಾರಿಯವರೆಗಿನ ಪುಣ್ಯಕ್ಷೇತ್ರಗಳ ಸುದ್ದಿಯನ್ನೆಲ್ಲಾ ಬಲ್ಲವಳು, ಧರ್ಮಶಾಸ್ತ್ರಗಳನ್ನು ಓದಿದವಳು. ಆದರೆ ಇಂಥಾ ಹೆಂಗಸರನ್ನು ಯಾರಾದರೂ ತಾವಾಗಿ ಹುಡುಕಿಕೊಂಡು ಹೋಗಿ ಪ್ರೀತಿಸಿ ಎತ್ತಿದ್ದನ್ನು ಎಲ್ಲಿಯೂ ಕಂಡಿರಲಿಲ್ಲ. ಅಲ್ಲಿ ತಪ್ಪಿದವರ ಬಾಳು ತಿರುಗಿ ನೆಟ್ಟಗಾದದ್ದನ್ನೂ, ಹೀಗೆ ನೆಟ್ಟಗಾದವರು ತಮ್ಮಂಥ ಬೇರೆಯವರಿಗೆ ಉಪಚಾರ ಮಾಡುತ್ತಿದ್ದದ್ದನ್ನೂ ಕಣ್ಣಾರೆ ಕಂಡಳು. ನೋಡಿ ಮೆಚ್ಚಿ ಹಿಂದಿರುಗುವದು ಆಕೆಯಿಂದಾಗಲಿಲ್ಲ. ಈ ಸಹೋದರಿಯರು ಯಾಕೆ ಹೀಗೆ ಮಾಡುತ್ತಾರೆಂದು ಕೇಳಿದಳು. ಅವರಲ್ಲಿ ಒಬ್ಬಳು ನಮ್ಮ ಕರ್ತನು ಬಾವಿಯ ಬಳಿಯಲ್ಲಿ ಸಮಾರ್ಯದ ಸ್ತ್ರೀಯೊಡನೆ ಮಾತಾಡಿದ ವೃತ್ತಾಂತವನ್ನು ಆಕೆಗೆ ಓದಿ ತಿಳಿಸಿದಳು. ಸಿಲ್ಚಾರಿನಲ್ಲಿ ಪುಸ್ತಕವಾಗಿ ಕಂಡದ್ದು ಫುಲ್ಹಾಮಿನಲ್ಲಿ ಕೈಕಾಲುಳ್ಳದ್ದಾಗಿ ಕಾಣಿಸಿತು. ಅದೇ ವರುಷ ಸೆಪ್ಟೆಂಬರ್ 29ರಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ಆದರೂ ತನ್ನ ಹೃದಯವು ಕ್ರಿಸ್ತನಲ್ಲಿ ಪೂರ್ಣ ಸಮಾಧಾನವನ್ನು ಕಂಡದ್ದು ಇನ್ನೂ ಎಂಟು ವರುಷದ ಮೇಲೆಯೇ ಎಂದು ಆಕೆಯೇ ಆ ಮೇಲೆ ಒಪ್ಪಿಕೊಂಡಳು. ಆತ್ಮದ ಬೆಳೆಯು ನಾವು ಬಿತ್ತಿದ ಮಾರನೆಯ ದಿನವೇ ಕೊಯ್ಲಿಗೆ ಬರುವದಿಲ್ಲವೆಂಬದನ್ನು ಇದರಿಂದ ತಿಳಿಯಬಹುದು.

ಚೆಲ್ಟನ್‌ಹ್ಯಾಮಿನ ಸ್ತ್ರೀಯರ ಕಾಲೇಜಿನಲ್ಲಿ ಕೆಲವು ಕಾಲವಿದ್ದು, 1886ರಲ್ಲಿ ಅಮೇರಿಕಕ್ಕೆ ಹೋಗಿ, ಭಾರತದ ಬಾಲವಿಧವೆಯರ ಸಂಕಟವನ್ನು ಅಲ್ಲಿಯ ಜನರಿಗೆ ಒಂದು ಪುಸ್ತಕದಿಂದಲೂ ಭಾಷಣಗಳಿಂದಲೂ ತಿಳಿಸಿದಳು. ಬೋಸ್ಟನ್ ಪಟ್ಟಣದವರು ಸಂಘ ಕಟ್ಟಿ ಹತ್ತು ವರುಷಗಳ ವರೆಗೆ ಸಹಾಯ ಮಾಡುವೆವೆಂದು ಮಾತು ಕೊಟ್ಟರು. 1889ನೆಯ ಮಾರ್ಚ್ 11ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ವಿಧವೆಯರ ಶಾಲೆಯು ತೆರೆಯಿತು. ಮಾರನೆಯ ವರುಷ ಅದು ಪುಣೆಗೆ ಬಂತು. ಅಲ್ಲಿ ಯಾರನ್ನೂ ಮತಕ್ಕೆ ಬಲವಂತಪಡಿಸಲಿಲ್ಲ. ಜಾತಿಯ ಆಚಾರದಂತೆ ಅಡಿಗೆ ಮಾಡಿಕೊಳ್ಳುವದಕ್ಕೂ ಅವಕಾಶವಿತ್ತು. ಆದರೆ ರಮಾಬಾಯಿಯು ಪ್ರಾರ್ಥಿಸುವಾಗ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ಕೆಲವು ಹುಡುಗಿಯರು ತಾವಾಗಿ ಬಂದು ಕೂತುಕೊಳ್ಳುತ್ತಿದ್ದರು. ಇದರಿಂದ 1893ರಲ್ಲಿ ದೊಡ್ಡ ಗದ್ದಲವೆದ್ದು, ಸಲಹೆಗಾರರಾಗಿದ್ದ ಪ್ರಮುಖರು ಕೈಬಿಟ್ಟರು. ಅನೇಕ ಹುಡುಗಿಯರನ್ನು ಅವರ ಮನೆಯವರು ಕರೆದುಕೊಂಡು ಹೋದರು. ಆಕೆಯು ಅತ್ತಳು, ಶಾಲೆಯನ್ನು ಮಾತ್ರ ಮುಚ್ಚಲಿಲ್ಲ. ಮುಂದೆ ವಿದೇಶದ ಹಣವು ನಿಂತರೂ ಮಕ್ಕಳಿಗೆ ಊಟ ನಿಲ್ಲಬಾರದೆಂದು ಪುಣೆಯಿಂದ ಸುಮಾರು 34 ಮೈಲು ದೂರದ ಕೇಡಗಾಂವಿನಲ್ಲಿ ನೂರು ಎಕರೆಯಷ್ಟು ಬರಡು ನೆಲವನ್ನು ಕೊಂಡು, ಬಾವಿ ತೋಡಿಸಿ ಹಣ್ಣಿನ ಗಿಡಗಳನ್ನು ನೆಡಿಸಿದಳು.

1896ರಲ್ಲಿ ಮಧ್ಯಪ್ರಾಂತಗಳಲ್ಲಿ ಭೀಕರವಾದ ಕ್ಷಾಮವು ಬಿದ್ದಿತು. ಸುದ್ದಿ ಬಂದಾಗ ಆಕೆಯ ಕೈಯಲ್ಲಿದ್ದ ಹಣವು ಇರುವ ಹುಡುಗಿಯರ ಊಟಕ್ಕೇ ಸಾಲದಾಗಿತ್ತು. ಹಣ ಕಳುಹಿಸಲು ಆಗದು, ಪ್ರಾರ್ಥನೆ ಮಾಡೋಣವೆಂದು ಹೇಳಿ ಸುಮ್ಮನಿದ್ದಿದ್ದರೆ ಯಾರೂ ದೂರುತ್ತಿರಲಿಲ್ಲ. ಆದರೆ ಎಲೆ ತಿಂದ ಆ ಹನ್ನೊಂದು ದಿನಗಳು ಆಕೆಯನ್ನು ಸುಮ್ಮನಿರಗೊಡಲಿಲ್ಲ. ತಾನೇ ಹೊರಟು, ಬಡವರನ್ನು ಕೂಡಿಹಾಕಿದ್ದ ಗಂಜಿಯ ಮನೆಗಳನ್ನೂ ಪರಿಹಾರದ ಕೆಲಸಗಳನ್ನೂ ಒಂದೊಂದಾಗಿ ನೋಡಿದಳು. ಎಲುಬಿನ ಗೂಡಾದ ಮಕ್ಕಳು ಹರಕು ಚಿಂದಿಯಲ್ಲಿ ನೆಲದ ಮೇಲೆ ಬಿದ್ದಿದ್ದರು. ತಂದೆತಾಯಿಗಳಿಲ್ಲದ ಹುಡುಗಿಯರನ್ನು ಒಂದು ಹೊತ್ತಿನ ಅನ್ನದ ಆಸೆ ತೋರಿಸಿ ಕೆಡಿಸುವದಕ್ಕೆ ದುಷ್ಟರು ಸುತ್ತಲೂ ಕಾದಿದ್ದರು. ಆ ಮಕ್ಕಳ ಮುಖದಲ್ಲಿ ರಾಯಚೂರಿನ ನೆರೆಮನೆಯ ಬಾಗಿಲಲ್ಲಿ ಮಾತಿಲ್ಲದೆ ನಿಂತಿದ್ದ ಹುಡುಗಿಯನ್ನೇ ಆಕೆಯು ಕಂಡಳೆಂದು ನಾವು ನೆನಸುತ್ತೇವೆ. ಮುನ್ನೂರು ಮಂದಿಯನ್ನು ಉಳಿಸಬೇಕೆಂದು ದೇವರು ತನಗೆ ಅಪ್ಪಣೆ ಕೊಟ್ಟನೆಂದು ನಂಬಿ, ಖಾಲಿ ಕೈಯಿಂದಲೇ ಮುನ್ನೂರು ಮಂದಿಯನ್ನು ಕೂಡಿಸಿದಳು.

ಅವರನ್ನು ಇಡುವದೆಲ್ಲಿ? ಪುಣೆಯಲ್ಲಿ ಆಗ ಮಹಾಮಾರಿ ಪ್ಲೇಗು. ಹೊಸಬರನ್ನು ಅಲ್ಲಿ ಸೇರಿಸಿಕೊಳ್ಳುವದಕ್ಕೆ ಅಧಿಕಾರಿಗಳ ಅಪ್ಪಣೆಯಿರಲಿಲ್ಲ. ಆದಕಾರಣ ಕೇಡಗಾಂವಿನ ಹೊಲಕ್ಕೆ ಕರೆತಂದು ಡೇರೆಗಳಲ್ಲಿಯೂ ಗುಡಿಸಲುಗಳಲ್ಲಿಯೂ ಇಟ್ಟಳು. ಹೀಗೆ ಮುಕ್ತಿ ಸದನವು ಹುಟ್ಟಿತು. 1899 ಮತ್ತು 1900ರಲ್ಲಿ ಗುಜರಾತಿನಲ್ಲಿ ಪುನಃ ಕ್ಷಾಮವಾದಾಗ ಅಲ್ಲಿಂದಲೂ ಮಕ್ಕಳು ಬಂದರು. 1900ನೆಯ ಇಸವಿಯಲ್ಲಿ ಆ ಮನೆಯಲ್ಲಿ 1,500ಕ್ಕೂ ಹೆಚ್ಚು ಜನರಿದ್ದರು. ಇಲ್ಲಿ ಜಾತಿಗೊಂದು ಅಡಿಗೆಯಿರಲಿಲ್ಲ.

ಇದನ್ನು ಕೇಳಿ, ಎಲ್ಲವೂ ಸುಲಭವಾಗಿ ನಡೆಯಿತೆಂದು ಯಾರೂ ಎಣಿಸಬಾರದು. ಕ್ಷಾಮದಿಂದ ಬಂದ ಮಕ್ಕಳಲ್ಲಿ ಅನೇಕರು ಉಪಚಾರಕ್ಕೆ ನಿಲುಕದೆ ಸತ್ತರು. ಬಹುಕಾಲ ಹಸಿದ ಮಗುವು ಅನ್ನ ಕಂಡೊಡನೆ ದೇವದೂತನಾಗುವದಿಲ್ಲ. ಅದು ರೊಟ್ಟಿಯನ್ನು ಬಚ್ಚಿಡುತ್ತದೆ, ಕಚ್ಚುತ್ತದೆ, ಯಾರನ್ನೂ ನಂಬುವದಿಲ್ಲ. ಇದನ್ನೆಲ್ಲಾ ರಮಾಬಾಯಿಯು ಬಲ್ಲವಳಾಗಿದ್ದಳು. ಯಾಕಂದರೆ ಹಸಿವೆಯನ್ನು ಆಕೆಯು ಪುಸ್ತಕದಿಂದ ಕಲಿತವಳಲ್ಲ. ಆಕೆಯು ಅವರಿಗೆ ಭಿಕ್ಷೆ ಕೊಟ್ಟು ಸಾಕಲಿಲ್ಲ, ಕೆಲಸ ಕಲಿಸಿ ಬೆಳಸಿದಳು. ನೇಯುವದು, ಹೊಲಿಯುವದು, ಎಣ್ಣೆ ತೆಗೆಯುವದು, ದನ ಸಾಕುವದು, ಹೊಲ ಗೇಯುವದು, ಅಚ್ಚಿನ ಮೊಳೆ ಜೋಡಿಸುವದು. ಇವುಗಳಲ್ಲಿ ಒಂದನ್ನಾದರೂ ಕಲಿಯದವರು ಕಡಿಮೆ. ದೊಡ್ಡವರು ಚಿಕ್ಕವರ ಆರೈಕೆ ಮಾಡುತ್ತಿದ್ದರು. ಕುರುಡರಿಗೂ ಅಲ್ಲಿ ಸ್ಥಳವಿತ್ತು. ಅಮೇರಿಕದಲ್ಲಿ ಕಲಿತ ಮನೋರಮೆಯು ಅವರಿಗೆ ಉಬ್ಬಚ್ಚಿನ ಬ್ರೈಲ್ ಅಕ್ಷರಗಳನ್ನು ಬೆರಳಿನಿಂದ ಓದುವದನ್ನು ಕಲಿಸಿದಳು. ಮುದುಕಿಯರಿಗೂ ರೋಗಿಗಳಿಗೂ ಬೇರೆ ಮನೆಯಿತ್ತು. ಇವೆಲ್ಲವುಗಳ ಪಕ್ಕದಲ್ಲಿ ಕೃಪಾ ಸದನವೆಂಬ ಇನ್ನೊಂದು ಮನೆಯೂ ಎದ್ದಿತು. ಅದು ದಾರಿತಪ್ಪಿದ ಹೆಂಗಸರಿಗಾಗಿ. ಫುಲ್ಹಾಮಿನಲ್ಲಿ ಒಮ್ಮೆ ನೋಡಿ ಬಂದ ಮನೆಯನ್ನು ಆಕೆಯು ಹದಿನಾರು ವರುಷದ ಮೇಲೆ ಸ್ವಂತ ನೆಲದಲ್ಲಿ ಕಟ್ಟಿದಳು. ನೋಡಲು ಹೋಗುವದೆಂದರೆ ಇದು.

ನಮ್ಮ ಸೀಮೆಯನ್ನೂ ಆಕೆಯು ಮರೆಯಲಿಲ್ಲ. 1912ರ ಸುಮಾರಿಗೆ, ಆಗ ನಿಜಾಮರ ಆಳಿಕೆಯಲ್ಲಿದ್ದ ಗುಲ್ಬರ್ಗದಲ್ಲಿ, ಮನೋರಮೆಯ ಮುಖಾಂತರ ಒಂದು ಕ್ರೈಸ್ತ ಶಾಲೆಯು ಸ್ಥಾಪನೆಯಾಯಿತು. ರಾಯಚೂರಿನಿಂದ ಪುಣೆಗೆ ಹೋಗುವ ರೈಲುದಾರಿಯನ್ನು ಬಲ್ಲವರು ಒಂದನ್ನು ಗಮನಿಸಲಿ. ತಾಯಿಯು ರೊಟ್ಟಿಗಾಗಿ ಹಂಬಲಿಸಿ ಸತ್ತ ರಾಯಚೂರೂ, ಶಾಲೆ ತೆರೆದ ಗುಲ್ಬರ್ಗವೂ, ಅನಾಥರು ಹೊಟ್ಟೆ ತುಂಬ ಉಂಡ ಕೇಡಗಾಂವೂ ಒಂದೇ ಕಬ್ಬಿಣದ ಹಾದಿಯ ಮೇಲಿವೆ.

ಆಕೆಯ ಕಡೆಯ ವರುಷಗಳು ದೇವರ ವಾಕ್ಯದ ಸೇವೆಯಲ್ಲಿ ಕಳೆದವು. ಹಳ್ಳಿಯ ಬಡ ಹೆಂಗಸರಿಗೂ ತಿಳಿಯುವಂಥ ಸುಲಭ ಮರಾಠಿಯಲ್ಲಿ ಸತ್ಯವೇದವಿರಬೇಕೆಂದು, ವಯಸ್ಸಾದ ಮೇಲೆ ಇಬ್ರಿಯ ಗ್ರೀಕು ಭಾಷೆಗಳನ್ನು ಕಲಿತು ಮೂಲದಿಂದ ಭಾಷಾಂತರಿಸಿದಳು. ಅಚ್ಚುಹಾಕಿದವರು ಮುಕ್ತಿಯ ಹುಡುಗಿಯರೇ. 1919ರಲ್ಲಿ ಸರಕಾರವು ಕೈಸರ್-ಎ-ಹಿಂದ್ ಪದಕವನ್ನು ಕೊಟ್ಟಿತು. 1921ರ ಜುಲಾಯಿಯಲ್ಲಿ ಒಬ್ಬಳೇ ಮಗಳಾದ ಮನೋರಮೆಯು ತಾಯಿಗಿಂತ ಮುಂಚೆ ಹೊರಟುಹೋದಳು. ಎಲ್ಲರನ್ನೂ ಮಣ್ಣಿಗೊಪ್ಪಿಸಿ ಉಳಿದಿದ್ದ ಆ ವೃದ್ಧೆಯು ಮಕ್ಕಳಿಲ್ಲದವಳಾದಳೆಂದು ಲೋಕವು ಹೇಳಬಹುದಾಗಿತ್ತು. ಆದರೆ ಆಕೆಯನ್ನು ತಾಯಿಯೆಂದು ಕರೆಯುವವರು ಆ ಅಂಗಳದಲ್ಲಿ ತುಂಬಿದ್ದರು. ಸತ್ಯವೇದದ ಕೆಲಸವನ್ನು ತೀರಿಸಿ, 1922ನೆಯ ಏಪ್ರಿಲ್ 5ರಲ್ಲಿ ಆಕೆಯು ಕರ್ತನಲ್ಲಿ ನಿದ್ರೆಹೋದಳು. ಆಕೆಯು ಬಿತ್ತಿದ ಮುಕ್ತಿಯ ಮನೆಯು ಇಂದಿಗೂ ಕೇಡಗಾಂವಿನಲ್ಲಿ ನಡೆಯುತ್ತಾ ಇದೆ.

ಪ್ರಿಯರೇ, ನಾವು ರಮಾಬಾಯಿಯಂತೆ ಪಂಡಿತರಲ್ಲ. ನೂರು ಎಕರೆ ನೆಲವೂ ನಮಗಿಲ್ಲ. ಆದರೆ ನಮ್ಮಲ್ಲಿ ಅನೇಕರಿಗೆ ಆಕೆಗಿದ್ದದ್ದರಲ್ಲಿ ಒಂದು ಉಂಟು. ನಮ್ಮ ಹಿರಿಯರು ಬರಗಾಲವನ್ನು ಕಂಡವರು. ಬೇರೊಬ್ಬರ ಬಾಗಿಲಲ್ಲಿ ನಿಂತವರು. ಕೆಲವರು ಇಂಥಾ ಮನೆಗಳಲ್ಲಿಯೇ ಬೆಳೆದವರು. ಅದನ್ನು ನಾಚಿಕೆಯೆಂದು ಮುಚ್ಚಿಡುವ ಬದಲು, ಅನಾಥರ ಮನೆಯ ಹೊಸ್ತಿಲನ್ನು ದಾಟುವಾಗ ಜ್ಞಾಪಕಕ್ಕೆ ತಂದುಕೊಳ್ಳೋಣ. ಆಗ ನಾವು ದಾತರಾಗಿ ಹೋಗುವದಿಲ್ಲ, ನೆಂಟರಾಗಿ ಹೋಗುತ್ತೇವೆ. ಮಕ್ಕಳನ್ನು ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಹಾಡಿಸುವದು ಬೇಡ. ಅವರ ಪಂಕ್ತಿಯಲ್ಲಿ ನೆಲದ ಮೇಲೆ ಕೂತು, ಅವರು ಉಣ್ಣುವದನ್ನೇ ಉಣ್ಣೋಣ. ವರುಷಕ್ಕೊಂದು ಚೀಲ ತುಂಬ ಕೊಡುವದಕ್ಕಿಂತ ತಿಂಗಳಿಗೊಂದು ಸೇರನ್ನು ತಪ್ಪದೆ ಕಳುಹಿಸುವದು ಆ ಮನೆಗೆ ಹೆಚ್ಚು ಆಧಾರ. ಹಸಿವೆಯು ಸುಗ್ಗಿಯಲ್ಲಿ ಮಾತ್ರ ಬರುವದಿಲ್ಲವಷ್ಟೆ.

ನಾವು ಕೆಲವರು ಆ ಚಿಕ್ಕ ಮನೆಗೆ ಪುನಃ ಹೋಗಿದ್ದೆವು. ಈ ಸಾರಿ ಮೊದಲು ಮಾಡಿದ್ದು, ಆ ಹುಡುಗಿಯನ್ನು ಹುಡುಕಿ ಆಕೆಯ ಹೆಸರನ್ನು ಕೇಳಿದ್ದು. ಆಕೆಯು ಹೇಳಿದಳು, ಆ ಬಳಿಕ ನಮ್ಮ ಹೆಸರನ್ನೂ ಕೇಳಿದಳು. ನಮ್ಮನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತಟ್ಟೆಯ ರೊಟ್ಟಿಯಲ್ಲಿ ಅರ್ಧವನ್ನು ಮುರಿದು ಕೊಟ್ಟಳು. ನಾವು ಅದನ್ನು ತೆಗೆದುಕೊಂಡು ಉಂಡೆವು.